ಕತ್ತರಿಸಿದ್ದು ಕೈಯಲ್ಲೇ ಇರಬೇಕಲ್ಲ?

ತೀರ್ಥಹಳ್ಳಿ ಹತ್ತಿರದ ನಮ್ಮ ಊರಮನೆಯಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಇದೆ. ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ಅಪ್ಪಯ್ಯ ಅಡಿಕೆ ದುಡ್ಡಿನಲ್ಲಿ ಕೊಡಿಸಿದ್ದು. ನನಗೆ ಕೆಲಸ ಸಿಕ್ಕಿ ಬೆಂಗಳೂರಲ್ಲಿ ಬೇರೆ ಬಂದ ಮೇಲೆ ಅದು ಊರಿಗೆ ವಾಪಸ್ಸಾಯಿತು. ಅದರ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ, ಆ ಮಾದರಿಯದ್ದು ಈಗ ಸಿಗುವುದೂ ಇಲ್ಲ. ಹಾಗಾಗಿ ಗೋಡೆಯ ವೈರು ಕಿತ್ತರೆ ಅಥವಾ ಕರೆಂಟ್ ಹೋದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಇನ್ವರ್ಟರ್ ಇದೆ ಅನ್ನಿ, ಆದರೆ ಮಲೆನಾಡಿನ ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟ್ ಇಲ್ಲದಿದ್ದರೆ ಇನ್ವರ್ಟರಾದರೂ ಎಷ್ಟು ಹೊತ್ತು ತಡೆಯುತ್ತದೆ?

ಆ ಲ್ಯಾಪ್‌ಟಾಪಿಗೆ ಎರಡು ಮುಖ. ಗುಂಡಿ ಒತ್ತಿದ ಕೂಡಲೇ ಲಿನಕ್ಸ್ ಬೇಕೋ ವಿಂಡೋಸ್ ಬೇಕೋ ಎಂದು ಕೇಳುತ್ತದೆ. ವಿಂಡೋಸ್ ಎದ್ದು ಕೂರುವಷ್ಟರಲ್ಲಿ ಅಮ್ಮ ಹಾಲು ಕಾಯಿಸಿ ಕಾಫಿ ಬೆರೆಸಿ ತಂದಿರುತ್ತಾಳೆ. ಅದಕ್ಕೇ ದಿನಬಳಕೆಗೆ ಲಿನಕ್ಸ್ ಮಿಂಟ್ ಹಾಕಿಕೊಟ್ಟೆ. ಹಳೇ ಯಂತ್ರದಲ್ಲೂ ಅದು ಹಗುರಾಗಿ ಓಡುತ್ತದೆ. ವಿಂಡೋಸನ್ನು ತೆಗೆದುಹಾಕಲು ಮಾತ್ರ ಆಗಲಿಲ್ಲ. ಅದಕ್ಕೆ ಕಾರಣ ನಮ್ಮಜ್ಜ.

ಅಜ್ಜ ಬರೆದಿಟ್ಟ ಒಂದು ಯಕ್ಷಗಾನ ಪ್ರಸಂಗ ನಮ್ಮ ಮನೆಯಲ್ಲಿದೆ. ಎಲ್ಲೂ ಅಚ್ಚಾಗಿಲ್ಲ. ಅಡಿಕೆ ಮಂಡಿಯ ಲೆಕ್ಕದ ಪುಸ್ತಕದಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ ಶಾಯಿ ಪೆನ್ನಿನಿಂದ ಬರೆದದ್ದು. ಹೊಲಿಗೆ ಬಿಚ್ಚಿ ಹಾಳೆಗಳೆಲ್ಲ ಬಿಡಿಬಿಡಿಯಾಗಿವೆ, ಅಂಚುಗಳನ್ನು ಒರಲೆ ತಿಂದಿದೆ. ಅಪ್ಪಯ್ಯ ಹೈಸ್ಕೂಲ್ ಮೇಷ್ಟರಾಗಿ ನಿವೃತ್ತರಾದ ವರ್ಷ ಅದನ್ನು ಪುಸ್ತಕ ಮಾಡಿಸಬೇಕು ಎಂದು ಹೊರಟು, ಮೊದಲರ್ಧವನ್ನು ಶಿವಮೊಗ್ಗದ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಅವರು ಕೊಟ್ಟ ಕಡತ ಹಳೇ ನುಡಿ ಫಾಂಟಿನದ್ದು. ಅದನ್ನು ಸರಿಯಾಗಿ ತೆರೆದು ನೋಡಲು, ತಿದ್ದಲು ವಿಂಡೋಸೇ ಬೇಕು. ಉಳಿದರ್ಧ ಟೈಪ್ ಮಾಡಿಸುವಷ್ಟರಲ್ಲಿ ಅಪ್ಪಯ್ಯನಿಗೆ ಲಕ್ವ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು. ಮಾತು ಆರು ತಿಂಗಳಲ್ಲಿ ಮೊದಲಿನ ಹಾಗಾಯಿತು, ಕಾಲೂ ಒಂದು ಮಟ್ಟಕ್ಕೆ ಬಂತು. ಕೈ ಮಾತ್ರ ಬರಲಿಲ್ಲ.

"ಬರೆಯಕ್ಕಾಗಲ್ಲ ಅಂದ್ರೆ ಒತ್ತಕ್ಕಾಗ್ತದಲ್ಲ" ಅಂದರು ಒಂದು ದಿನ. ಹಾಗೆ ಶುರುವಾದದ್ದು ಎಡಗೈಯ ಒಂದು ಬೆರಳಿನ ಟೈಪಿಂಗ್. ಒಂದು ಪದ್ಯ, ಅಂದರೆ ನಾಲ್ಕು ಸಾಲು, ಮುಗಿಯಲು ಮುಕ್ಕಾಲು ಗಂಟೆ ಬೇಕು. ಒತ್ತಕ್ಷರ ಜಾಸ್ತಿ ಇದ್ದರೆ ಒಂದು ಗಂಟೆ. ದಿನಕ್ಕೆ ಎರಡು ಪದ್ಯ, ಮೈ ಚೆನ್ನಾಗಿದ್ದರೆ ಮೂರು.

ಕಾಪಿ-ಪೇಸ್ಟ್ ಅನ್ನುವುದು ನನ್ನಂಥವರಿಗೆ ಒಂದು ಚಟ. ಆಫೀಸಿನಲ್ಲಿ ದಿನಕ್ಕೆ ನೂರು ಸಲ ಮಾಡುತ್ತೇವೆ. ಒಂದು ಸಾಲು ತಪ್ಪಿಹೋದರೆ ಇನ್ನೊಂದು ಸಲ ಟೈಪ್ ಮಾಡಿದರಾಯಿತು. ಅಪ್ಪಯ್ಯನಿಗೆ ಹಾಗಲ್ಲ. ಮತ್ತೆ ಟೈಪ್ ಮಾಡಬೇಕಾದ ಪ್ರತಿ ಸಾಲೂ ಅವರ ಹತ್ತು ನಿಮಿಷ, ಅವರ ಕೈಯ ನೋವು.

ಹೋದ ವರ್ಷ ಆಷಾಢದಲ್ಲಿ ಫೋನ್ ಬಂತು. ದ್ವಿತೀಯಾರ್ಧದ ಹಾಳೆಗಳ ನಡುವೆ ಒಂದು ಹಾಳೆ ಅದಲುಬದಲಾಗಿ ಸೇರಿಕೊಂಡಿತ್ತಂತೆ. ಅದರಲ್ಲಿದ್ದ ಐದು ಪದ್ಯ ಅಸಲಿಗೆ ಮೊದಲರ್ಧಕ್ಕೆ ಸೇರಬೇಕಾದದ್ದು ಅಂತ ಕಥೆ ಓದುತ್ತಾ ಅಪ್ಪಯ್ಯನಿಗೆ ಹೊಳೆದಿದೆ. ಮೊದಲರ್ಧ ಇರುವುದು ವಿಂಡೋಸ್ ಕಡೆ. ಅದನ್ನು ಆಗಲೇ ಯೂನಿಕೋಡಿಗೆ ಪರಿವರ್ತಿಸಿ ಒಂದು ವರ್ಡ್ ಕಡತ ಮಾಡಿಟ್ಟಿದ್ದೆವು. ಅಪ್ಪಯ್ಯ ಲಿನಕ್ಸ್ ಕಡೆ ಆ ಐದೂ ಪದ್ಯವನ್ನು ಆಯ್ದು, ಕಂಟ್ರೋಲ್-ಎಕ್ಸ್ ಒತ್ತಿ ಕತ್ತರಿಸಿ, ಕಡತವನ್ನು ಸೇವ್ ಮಾಡಿ, ಶಿಸ್ತಾಗಿ ಯಂತ್ರ ಬಂದ್ ಮಾಡಿ, ವಿಂಡೋಸಿಗೆ ಹೋಗಿ ಕಂಟ್ರೋಲ್-ವಿ ಒತ್ತಿದ್ದಾರೆ. ಏನೂ ಬರಲಿಲ್ಲ.

"ಕತ್ತರಿಸಿದ್ದು ಕೈಯಲ್ಲೇ ಇರ್ತದೆ ಅಂದ್ಕೊಂಡಿದ್ದೆ ಮಾರಾಯ್ತಿ. ಇಳಿಸೋ ಜಾಗಕ್ಕೆ ಹೋಗಿ ನೋಡಿದ್ರೆ ಕೈ ಖಾಲಿ" ಅಂದರು.

ಐದು ಪದ್ಯ ಅಂದರೆ ಎರಡು ಮೂರು ದಿನದ ಕೆಲಸ. ಹಾಳೆ ಇದೆಯಲ್ಲ, ಮತ್ತೆ ಟೈಪ್ ಮಾಡಬಹುದು ಅನ್ನಿಸಬಹುದು. ತೊಂದರೆ ಇದ್ದದ್ದು ಬೇರೆ ಕಡೆ. ಒರಲೆ ತಿಂದ ಅಂಚಿನಲ್ಲಿ ಒಂದೊಂದು ಸಾಲಿನ ಕೊನೆಯ ಪದ ಇರಲಿಲ್ಲ. ಅಜ್ಜ ಹಾಡುತ್ತಿದ್ದದ್ದನ್ನು ನೆನಪು ಮಾಡಿಕೊಂಡು, ಪ್ರಾಸ ನೋಡಿಕೊಂಡು, ತಾಳ ಹಾಕಿ ಅಳೆದು ಅಪ್ಪಯ್ಯ ಆ ಪದಗಳನ್ನು ಕೂರಿಸಿದ್ದರು. ಅದು ಎಲ್ಲೂ ಬರೆದಿಟ್ಟದ್ದಲ್ಲ, ಪರದೆಯ ಮೇಲೇ ಆದ ಕೆಲಸ. ಎರಡನೇ ಸಲ ಟೈಪ್ ಮಾಡುವಾಗ ಎರಡು ಕಡೆ ಅವರಿಗೆ ಮೊದಲು ಹಾಕಿದ ಪದ ಯಾವುದು ಅಂತ ನೆನಪಾಗಲಿಲ್ಲ. ಬೇರೆ ಪದ ಹಾಕಿದ್ದಾರೆ. ಅದೂ ಹೊಂದುತ್ತದೆ. ಆದರೆ ಮೊದಲಿನದ್ದೇ ಸರಿ ಇತ್ತು ಎಂದು ಈಗಲೂ ಒಮ್ಮೊಮ್ಮೆ ಹೇಳುತ್ತಾರೆ.

ಅಪ್ಪಯ್ಯ ತಪ್ಪು ಮಾಡಿದರು ಎಂದು ನನಗೆ ಅನಿಸುವುದಿಲ್ಲ. ಕತ್ತರಿಸಿದ್ದು ಕೈಯಲ್ಲಿ ಇರಬೇಕು ಅಂತ ಅಂದುಕೊಳ್ಳುವುದು ಸಹಜವೇ. ಈ ಮಾತೇ ಬಂದದ್ದು ನಿಜವಾದ ಕತ್ತರಿ, ಗೋಂದಿನಿಂದ. ಹಿಂದೆ ಬರಹ ತಿದ್ದುವವರು ಕಾಗದವನ್ನು ಕತ್ತರಿಸಿ ಬೇಕಾದ ಕಡೆ ಅಂಟಿಸುತ್ತಿದ್ದರು. ಅಮೆರಿಕದ ಜೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾಲಯದಲ್ಲಿ 1970ರ ದಶಕದ ನಡುವೆ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಎಂಬಿಬ್ಬರು ಜಿಪ್ಸಿ ಎಂಬ ಬರವಣಿಗೆ ತಂತ್ರಾಂಶ ಮಾಡುವಾಗ ಆ ಕತ್ತರಿ-ಗೋಂದನ್ನೇ ಪರದೆಗೆ ತಂದರು. ಟೆಸ್ಲರ್ ಆಮೇಲೆ ಆಪಲ್ ಸೇರಿದರು. 1983ರ ಲೀಸಾ, 1984ರ ಮ್ಯಾಕಿಂಟಾಷ್ ಗಣಕಗಳ ಮೂಲಕ ಇದು ಜನರ ಕೈಗೆ ಬಂತು. ಎಕ್ಸ್, ಸಿ, ವಿ, ಜೆಡ್ ಈ ನಾಲ್ಕೂ ಕೀಲಿ ಕೆಳಸಾಲಿನ ಎಡಮೂಲೆಯಲ್ಲಿ ಒಟ್ಟಿಗೇ ಇವೆ, ನೋಡಿದ್ದೀರಲ್ಲ? ಬಲಗೈಯವರು ಮೌಸ್ ಬಿಡದೆ ಎಡಗೈಯಲ್ಲಿ ಒತ್ತಲು ಅನುಕೂಲ ಅದು. ಎಡಗೈ ಒಂದೇ ಉಳಿದಿರುವ ನಮ್ಮ ಅಪ್ಪಯ್ಯನಿಗೂ ಅದೇ ಅನುಕೂಲವಾಯಿತು. ಟೆಸ್ಲರ್ 2020ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಆಫೀಸಿನಲ್ಲಿ ನಾವೆಲ್ಲ ತಮಾಷೆಗೆ ಆ ಸುದ್ದಿಯನ್ನೇ ಕಾಪಿ ಮಾಡಿ ಒಬ್ಬರಿಗೊಬ್ಬರು ಪೇಸ್ಟ್ ಮಾಡಿ ಕಳಿಸಿಕೊಂಡಿದ್ದೆವು.

ಹಾಗೆ ಕತ್ತರಿಸಿದ್ದನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗಕ್ಕೆ ಕ್ಲಿಪ್‌ಬೋರ್ಡ್ ಅಂತ ಹೆಸರು. ನಾವು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹಿಡಿದುಕೊಂಡು ಹೋಗುತ್ತಿದ್ದೆವಲ್ಲ, ಮೇಲೆ ಕ್ಲಿಪ್ ಇರುವ ರಟ್ಟಿನ ಪ್ಯಾಡ್, ಅದೇ. ಆದರೆ ಪರೀಕ್ಷೆಯ ಪ್ಯಾಡಿಗೆ ಹತ್ತು ಹಾಳೆ ಸಿಕ್ಕಿಸಬಹುದು. ಇದರಲ್ಲಿ ಒಂದೇ ಹಾಳೆ. ಎರಡನೆಯದು ಸಿಕ್ಕಿಸಿದ ಕೂಡಲೇ ಮೊದಲನೆಯದು ಬಿದ್ದುಹೋಗುತ್ತದೆ. ಅದೂ ಇರುವುದು ಗಣಕದ ತಾತ್ಕಾಲಿಕ ನೆನಪಿನಲ್ಲಿ, ಅಂದರೆ ರ್‍ಯಾಮ್‌ನಲ್ಲಿ. ಕರೆಂಟ್ ಇರುವಷ್ಟು ಹೊತ್ತೇ ಅದರ ಆಯುಷ್ಯ.

ಲಿನಕ್ಸಿನಲ್ಲಿ ಇನ್ನೂ ಒಂದು ವಿಚಿತ್ರ ಇದೆ. ಅಲ್ಲಿ ಪರದೆಯನ್ನು ನಡೆಸುವ ಎಕ್ಸ್ ಎಂಬ ಹಳೆಯ ವ್ಯವಸ್ಥೆಯಲ್ಲಿ ಕಾಪಿ ಅಂದರೆ ಕಾಪಿಯೇ ಅಲ್ಲ. ನೀವು ಕಂಟ್ರೋಲ್-ಸಿ ಒತ್ತಿದಾಗ ಆ ಬರಹ ಎಲ್ಲೂ ಹೋಗುವುದಿಲ್ಲ. "ಯಾರಾದರೂ ಕೇಳಿದರೆ ನನ್ನ ಹತ್ತಿರ ಇದೆ, ಕೊಡುತ್ತೇನೆ" ಎಂದು ಆ ತಂತ್ರಾಂಶ ಒಂದು ಮಾತು ಕೊಡುತ್ತದೆ, ಅಷ್ಟೆ. ಪೇಸ್ಟ್ ಮಾಡಿದಾಗಲೇ ಅದು ಕೈ ಬದಲಾಗುವುದು. ಅಮ್ಮನಿಗೆ ಹೀಗೆ ವಿವರಿಸಿದೆ: ಅಡುಗೆ ಮಾಡಿ ಮುಚ್ಚಿಟ್ಟದ್ದಲ್ಲಮ್ಮ, ಬಂದಾಗ ಬಡಿಸ್ತೀನಿ ಅಂತ ಹೇಳಿದ್ದು. ಹೇಳಿದವರೇ ಬಾಗಿಲು ಹಾಕಿಕೊಂಡು ಊರಿಗೆ ಹೋದರೆ ಊಟ ಎಲ್ಲಿ? ಆ ತಂತ್ರಾಂಶವನ್ನು ಮುಚ್ಚಿದರೆ ಕಾಪಿ ಮಾಡಿದ್ದೂ ಹೋಯಿತು. ಈಗ ಬಹಳಷ್ಟು ಲಿನಕ್ಸ್‌ಗಳಲ್ಲಿ ಇದನ್ನು ಸರಿದೂಗಿಸಲು ಹಿನ್ನೆಲೆಯಲ್ಲಿ ಒಬ್ಬ ಸಹಾಯಕ ಇರುತ್ತಾನೆ, ಊಟವನ್ನು ಇಸಿದುಕೊಂಡು ಇಡುತ್ತಾನೆ. ಆದರೆ ಯಂತ್ರವೇ ಬಂದ್ ಆದರೆ ಅವನಿಗೂ ಮನೆ ಇಲ್ಲ.

ನೆನಪಿಟ್ಟುಕೊಳ್ಳುವ ವ್ಯವಸ್ಥೆಗಳು ಇಲ್ಲವೆಂದಲ್ಲ. ನಿಮ್ಮಲ್ಲಿ ವಿಂಡೋಸ್ 10 ಅಥವಾ 11 ಇದ್ದರೆ ವಿಂಡೋಸ್ ಚಿಹ್ನೆಯ ಕೀಲಿ ಹಿಡಿದು ವಿ ಒತ್ತಿ ನೋಡಿ. 2018ರಿಂದ ಇರುವ ಸೌಲಭ್ಯ ಇದು. ಆದರೂ ನನ್ನ ಜೊತೆ ಕೆಲಸ ಮಾಡುವವರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಮೊದಲ ಸಲ ಶುರು ಮಾಡಲೋ ಎಂದು ಕೇಳುತ್ತದೆ. ಹೂಂ ಅಂದರೆ ಅಲ್ಲಿಂದ ಮುಂದೆ ಕಾಪಿ ಮಾಡಿದ 25 ತುಣುಕುಗಳನ್ನು ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದರೆ ಪಟ್ಟಿ ಅಳಿಸಿಹೋಗುತ್ತದೆ, ಆದರೆ ಪಿನ್ ಚುಚ್ಚಿಟ್ಟದ್ದು ಉಳಿಯುತ್ತದೆ. ಆಂಡ್ರಾಯ್ಡ್ ಫೋನಿನ ಗೂಗಲ್ ಕೀಲಿಮಣೆಯಲ್ಲೂ ಹೀಗೇ. ಕಾಪಿ ಮಾಡಿದ್ದು ಒಂದು ಗಂಟೆ ಇರುತ್ತದೆ, ಪಿನ್ ಮಾಡಿದ್ದು ನೀವು ತೆಗೆಯುವವರೆಗೆ. ಅಮ್ಮ ನಮ್ಮ ಮನೆಯ ಪೂರ್ತಿ ವಿಳಾಸವನ್ನು ಪಿನ್ ಕೋಡ್ ಸಮೇತ ಹಾಗೆ ಚುಚ್ಚಿಟ್ಟಿದ್ದಾಳೆ. ಕೊರಿಯರಿನವರಿಗೆ ಕಳಿಸಲು. ಪುಣೆಯಲ್ಲಿರುವ ಅಕ್ಕನ ಬಳಿ ಆಪಲ್ ಫೋನೂ ಮ್ಯಾಕೂ ಇವೆ. ಫೋನಿನಲ್ಲಿ ಕಾಪಿ ಮಾಡಿ ಪಕ್ಕದ ಮ್ಯಾಕಿನಲ್ಲಿ ಪೇಸ್ಟ್ ಮಾಡುತ್ತಾಳೆ. 2016ರಿಂದ ಅವರಲ್ಲಿ ಅದು ಇದೆ. "ನಿಮ್ಮ ಲಿನಕ್ಸಲ್ಲಿ ಇಷ್ಟು ಚಿಕ್ಕದಕ್ಕೂ ಇಷ್ಟು ಕಷ್ಟವಾ?" ಎಂದು ಅವಳು ಛೇಡಿಸದ ದಿನವಿಲ್ಲ. ಆದರೆ ಆ ಸೌಕರ್ಯ ಆಪಲ್ ಮನೆಯ ಕಾಂಪೌಂಡ್ ದಾಟುವುದಿಲ್ಲ, ಅದೂ ಸ್ವಲ್ಪ ಹೊತ್ತಿನ ಮಾತು.

ಅಲ್ಲೇ ಇರುವುದು ನನ್ನ ತಕರಾರು. ಒಬ್ಬೊಬ್ಬರೂ ತಮ್ಮ ಮನೆಯೊಳಗೆ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ. ಪಕ್ಕದ ಮನೆಗೆ ಹೋದರೆ ಪರಿಚಯವೇ ಇಲ್ಲದವರ ಹಾಗೆ. ಒಂದೇ ಯಂತ್ರದೊಳಗೆ, ಒಂದೇ ಡಿಸ್ಕಿನ ಮೇಲೆ ಅಕ್ಕಪಕ್ಕ ಮಲಗಿರುವ ಲಿನಕ್ಸ್ ಮತ್ತು ವಿಂಡೋಸ್ ಕೂಡ ಹಾಗೇ. ಒಂದು ಎದ್ದಿರುವಾಗ ಇನ್ನೊಂದು ಸತ್ತಿರುತ್ತದೆ. ಹೇಳಿ ಹೋಗಲು ಯಾರೂ ಇರುವುದಿಲ್ಲ.

ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಿ ಎಂದು ಬಹಳ ಜನ ಸಲಹೆ ಕೊಟ್ಟರು. ಒಂದು ಫೋನ್ ನಂಬರಿಗೆ, ಒಂದು ಲಿಂಕಿಗೆ ಅದು ಸಾಕು. ನಾನೂ ಮಾಡುತ್ತೇನೆ. ಒಂದು ಕೈಯ ಮನುಷ್ಯನಿಗೆ ಬ್ರೌಸರ್ ತೆರೆದು, ಫೋನ್ ಹಿಡಿದು ಸ್ಕ್ಯಾನ್ ಮಾಡಿ, ಕಳಿಸಿ, ಮತ್ತೆ ಆ ಕಡೆ ಹೋಗಿ ತೆರೆಯುವುದು ಒಂದು ಪದ್ಯ ಟೈಪ್ ಮಾಡಿದಷ್ಟೇ ದಣಿವು. ಅದೂ ಮಳೆಗಾಲದಲ್ಲಿ ನಮ್ಮೂರಿನಲ್ಲಿ ನೆಟ್ ಇದ್ದರೆ.

ಈ ಸಮಸ್ಯೆಗೆ ನಾನು ಮಾಡಿಕೊಟ್ಟ ಉಪಾಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಕಾಪಿಕ್ಯೂ ಎಂಬ ಒಂದು ಉಚಿತ ತಂತ್ರಾಂಶ ಇದೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ನೀವು ಕಾಪಿ ಮಾಡಿದ್ದನ್ನೆಲ್ಲ ಪಟ್ಟಿ ಮಾಡಿ ಡಿಸ್ಕಿನ ಮೇಲೆ ಬರೆದಿಡುತ್ತದೆ. ಹಾಗಾಗಿ ಕರೆಂಟ್ ಹೋದರೂ ಪಟ್ಟಿ ಉಳಿಯುತ್ತದೆ. ಪುಸ್ತಕಕ್ಕೆ ಪುಟಗಳಿರುವ ಹಾಗೆ ಅದರಲ್ಲಿ ಬೇರೆ ಬೇರೆ ಪುಟ ಮಾಡಿಕೊಳ್ಳಬಹುದು. ಮುಖ್ಯವಾದದ್ದೆಂದರೆ, ಒಂದು ಪುಟದಲ್ಲಿರುವುದನ್ನೆಲ್ಲ ನಿಮಗಿಷ್ಟವಾದ ಒಂದು ಫೋಲ್ಡರಿನಲ್ಲಿ ಬಿಡಿ ಬಿಡಿ ಕಡತಗಳಾಗಿ ಇಡು ಎಂದು ಅದಕ್ಕೆ ಹೇಳಬಹುದು.

ಲ್ಯಾಪ್‌ಟಾಪಿನಲ್ಲಿ ಎರಡೂ ಕಡೆಯಿಂದ ಕಾಣುವ ಒಂದು ಡ್ರೈವ್ ಇತ್ತು. ಹಳೇ ಫೋಟೋ, ಮದುವೆ ವಿಡಿಯೋ ಇಟ್ಟಿದ್ದು. ಅದರಲ್ಲಿ 'ಪದ್ಯ' ಅಂತ ಒಂದು ಫೋಲ್ಡರ್ ಮಾಡಿದೆ. ಲಿನಕ್ಸಿನ ಕಾಪಿಕ್ಯೂಗೂ ವಿಂಡೋಸಿನ ಕಾಪಿಕ್ಯೂಗೂ ಅದೇ ಫೋಲ್ಡರನ್ನು ತೋರಿಸಿದೆ. ಅಲ್ಲಿಗೆ ಇಬ್ಬರಿಗೂ ಒಂದೇ ಅಟ್ಟ. ಒಬ್ಬ ಇಟ್ಟು ಮಲಗಿದ್ದನ್ನು ಇನ್ನೊಬ್ಬ ಎದ್ದು ತೆಗೆದುಕೊಳ್ಳುತ್ತಾನೆ.

ಒಂದು ಅಡ್ಡಿ ಇತ್ತು. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಇದೆ. ಬಂದ್ ಮಾಡಿದಾಗ ಪೂರ್ತಿ ಬಂದ್ ಆಗದೆ, ಅರೆನಿದ್ದೆಯಲ್ಲಿದ್ದು ಮರುದಿನ ಬೇಗ ಏಳುವ ಉಪಾಯ. ಆ ಅರೆನಿದ್ದೆಯಲ್ಲಿ ಅದು ಡ್ರೈವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಲಿನಕ್ಸಿಗೆ ನೋಡಲು ಬಿಟ್ಟರೂ ಬರೆಯಲು ಬಿಡುವುದಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ವಿಭಾಗಕ್ಕೆ ಹೋಗಿ ಅದನ್ನು ತೆಗೆಯಬೇಕಾಯಿತು. ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಂಡವರು ಕ್ಲಿಪ್‌ಬೋರ್ಡಿನ ಗೊಡವೆ ಬೇಡವೆಂದರೂ ಇದೊಂದನ್ನು ತೆಗೆದುಹಾಕುವುದು ಒಳ್ಳೆಯದು.

ಇನ್ನೊಂದು ಸಣ್ಣ ಉಪಕಾರ. ಒಂದು ಕೈಯಲ್ಲಿ ಎರಡು ಕೀಲಿ ಒಟ್ಟಿಗೆ ಹಿಡಿಯುವುದು ಕಷ್ಟ. ಸ್ಟಿಕಿ ಕೀಸ್ ಎಂಬ ಸೌಲಭ್ಯ ಚಾಲೂ ಮಾಡಿದರೆ ಕಂಟ್ರೋಲ್ ಒತ್ತಿ ಬಿಟ್ಟು, ಆಮೇಲೆ ನಿಧಾನಕ್ಕೆ ಸಿ ಒತ್ತಿದರೂ ನಡೆಯುತ್ತದೆ. ವಿಂಡೋಸಿನಲ್ಲಿ ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದರೆ ಬೇಕೇ ಎಂದು ಕೇಳುವುದು ಇದನ್ನೇ. ನಾವೆಲ್ಲ ಕಿರಿಕಿರಿ ಅಂತ ಮುಚ್ಚುತ್ತೇವಲ್ಲ, ಅದು.

ನಿಜವಾದ ಲಾಭ ಬಂದದ್ದು ನಾನು ಲೆಕ್ಕ ಹಾಕದ ಕಡೆಯಿಂದ. ನಾನು ಇದನ್ನು ಮಾಡಿದ್ದು ಕಳೆದುಹೋಗಬಾರದು ಎಂದು. ಅಪ್ಪಯ್ಯ ಇದನ್ನು ಬಳಸಲು ಶುರು ಮಾಡಿದ್ದು ಟೈಪ್ ಮಾಡದೇ ಇರಲು. ಯಕ್ಷಗಾನ ಪ್ರಸಂಗ ನೋಡಿದವರಿಗೆ ಗೊತ್ತು, ಪ್ರತಿ ಪದ್ಯದ ನೆತ್ತಿಯ ಮೇಲೂ ರಾಗ, ತಾಳದ ಹೆಸರಿರುತ್ತದೆ. ಭೈರವಿ ಝಂಪೆ, ಸಾವೇರಿ ಅಷ್ಟ, ಮಾರವಿ ಏಕ, ಕೇದಾರಗೌಳ ಅಷ್ಟ, ಶಂಕರಾಭರಣ ಮಟ್ಟೆ. ಅದು ಬಿಟ್ಟರೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿ. ಇಡೀ ಪ್ರಸಂಗಕ್ಕೆ ಇವೇ ಮೂವತ್ತು-ನಲವತ್ತು ಹೆಸರು ತಿರುಗಿ ತಿರುಗಿ ಬರುತ್ತವೆ. 'ಶಂಕರಾಭರಣ' ಅಂತ ಒಂದು ಬೆರಳಲ್ಲಿ ಟೈಪ್ ಮಾಡಿ ನೋಡಿ. ಅಪ್ಪಯ್ಯ ಆ ಹೆಸರುಗಳನ್ನೆಲ್ಲ ಒಂದೊಂದಾಗಿ 'ಪದ್ಯ' ಪುಟಕ್ಕೆ ಏರಿಸಿದರು. ಕೃಷ್ಣ, ಅರ್ಜುನ, ಭೀಮಸೇನ ಹೀಗೆ ಪಾತ್ರಗಳ ಹೆಸರು, ಪಲ್ಲವಿ ಮರಳಿ ಬರುವ ಕಡೆ ಹಾಕುವ ಗುರುತು, ಎಲ್ಲ ಏರಿಸಿದರು. ಮೊದಲಿಗೆ ದಿನಕ್ಕೆ ಎರಡು ಪದ್ಯ ಆಗುತ್ತಿದ್ದದ್ದು ಈಗ ನಾಲ್ಕಕ್ಕೆ ಬಂದಿದೆ. ಅದೆಲ್ಲ ಇದರಿಂದಲೇ ಅನ್ನಲಾರೆ, ಬೆರಳಿಗೂ ಅಭ್ಯಾಸವಾಗಿದೆ.

ನುಡಿಯ ಹಳೇ ಕಡತದಿಂದ ಕಾಪಿ ಮಾಡಿದ್ದು ಮಾತ್ರ ಈ ಅಟ್ಟಕ್ಕೆ ಹತ್ತಿದರೂ ಪ್ರಯೋಜನವಿಲ್ಲ. ಆ ಫಾಂಟುಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಕೇತ. ಬೇರೆ ಕಡೆ ಪೇಸ್ಟ್ ಮಾಡಿದರೆ ಮಂತ್ರವಾದಿಯ ತಗಡಿನ ಹಾಗೆ ಕಾಣುತ್ತದೆ. ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡೇ ಏರಿಸಬೇಕು. ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೂ ಎಷ್ಟೋ ಸಲ ಕೊಂಬು, ಒತ್ತು ಎಲ್ಲ ದಿಕ್ಕಾಪಾಲು. ಕ್ಲಿಪ್‌ಬೋರ್ಡ್ ಎಷ್ಟೇ ಗಟ್ಟಿಯಾಗಿ ನೆನಪಿಟ್ಟುಕೊಂಡರೂ ಅದು ನೆನಪಿಡುವುದು ಕೊಟ್ಟದ್ದನ್ನೇ.

ಇಷ್ಟೆಲ್ಲ ಆದ ಮೇಲೆ ಒಂದು ಸಂಜೆ ಅವಲಕ್ಕಿ ಒಗ್ಗರಣೆ ಹಾಕುತ್ತಾ ಅಮ್ಮ ಕೇಳಿದಳು: "ಅಲ್ಲ ಕಣೇ, ಅದು ಎಲ್ಲಾನೂ ನೆನಪಿಟ್ಕೊಳ್ಳತ್ತೆ ಅಂತೀಯ. ನಾನು ಬ್ಯಾಂಕಿನ ಪಾಸ್‌ವರ್ಡ್ ಕಾಪಿ ಮಾಡಿದ್ರೆ ಅದನ್ನೂ ನೆನಪಿಟ್ಕೊಳ್ಳತ್ತಾ?"

ನಮ್ಮ ಟೀಮಿನಲ್ಲಿ ಹೊಸ ಸೌಲಭ್ಯ ತಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಅದು. ಅದಕ್ಕೆಂದೇ ಸಂಬಳ ತಗೊಳ್ಳುವವರಿದ್ದಾರೆ.

ಹೌದು, ನೆನಪಿಟ್ಟುಕೊಳ್ಳುತ್ತದೆ. ಮರೆಯುವ ಕ್ಲಿಪ್‌ಬೋರ್ಡು ಅಪ್ಪಯ್ಯನಿಗೆ ಶತ್ರುವಾದರೆ ಅಮ್ಮನಿಗೆ ಅದೇ ಕಾವಲು. ಡಿಸ್ಕಿನ ಮೇಲೆ ಬರೆದಿಟ್ಟ ಪಾಸ್‌ವರ್ಡು ಬಾಗಿಲ ಚಿಲಕಕ್ಕೆ ಸಿಕ್ಕಿಸಿಟ್ಟ ಬೀಗದ ಕೈ ಇದ್ದ ಹಾಗೆ. ಫೋನಿನಲ್ಲೂ ಈ ಭಯ ಇದ್ದೇ ಇದೆ. 2020ರಲ್ಲಿ ಐಫೋನಿನ ಹೊಸ ಆವೃತ್ತಿ, ಒಂದು ಆ್ಯಪ್ ಬೇರೆ ಕಡೆ ಕಾಪಿ ಮಾಡಿದ್ದನ್ನು ಓದಿದಾಗ ಪರದೆಯ ಮೇಲೆ ತೋರಿಸಲು ಶುರು ಮಾಡಿತು. ಆಗಲೇ ಜನಕ್ಕೆ ಗೊತ್ತಾದದ್ದು, ಕೇಳದೇ ಇಣುಕುವ ಆ್ಯಪ್‌ಗಳು ಎಷ್ಟಿವೆ ಎಂದು. ಆಂಡ್ರಾಯ್ಡಿನಲ್ಲಿ 10ನೇ ಆವೃತ್ತಿಯಿಂದ ಹಿನ್ನೆಲೆಯಲ್ಲಿರುವ ಆ್ಯಪ್‌ಗಳಿಗೆ ಕ್ಲಿಪ್‌ಬೋರ್ಡ್ ಓದಲು ಬಿಡುವುದಿಲ್ಲ. ಫೋನಿಂದ ಲ್ಯಾಪ್‌ಟಾಪಿಗೆ ಕಾಪಿ ಮಾಡಿದ್ದನ್ನು ದಾಟಿಸುವ ಕೆಡಿಇ ಕನೆಕ್ಟ್ ಎಂಬ ಒಳ್ಳೆಯ ಆ್ಯಪ್ ಇದೆ. ಈ ಕಾರಣಕ್ಕೇ ಅದರಲ್ಲೂ ಫೋನಿನಿಂದ ಕಳಿಸುವಾಗ ನಾವೇ ಗುಂಡಿ ಒತ್ತಬೇಕು. ನನ್ನ ಸಹೋದ್ಯೋಗಿಗಳು ಅದನ್ನು ತೊಡಕು ಅನ್ನುತ್ತಾರೆ. ನನಗೆ ಅದು ಸರಿಯೇ ಅನ್ನಿಸುತ್ತದೆ.

ಇದಕ್ಕಿಂತ ಹೆದರಿಕೆಯ ಸಂಗತಿಯೂ ಒಂದಿದೆ. ನೀವು ಕ್ರಿಪ್ಟೋ ಹಣದ ಖಾತೆಯ ಉದ್ದದ ವಿಳಾಸವನ್ನು ಕಾಪಿ ಮಾಡಿದ ಕೂಡಲೇ, ಕ್ಲಿಪ್‌ಬೋರ್ಡಿನಲ್ಲಿ ಅದನ್ನು ತೆಗೆದು ಕಳ್ಳನ ವಿಳಾಸ ಇಡುವ ದುಷ್ಟ ತಂತ್ರಾಂಶಗಳಿವೆ. ನಮ್ಮ ಮನೆಯಲ್ಲಿ ಯಾರಿಗೂ ಕ್ರಿಪ್ಟೋ ಗೊತ್ತಿಲ್ಲ ಬಿಡಿ. ಆದರೂ ಬ್ಯಾಂಕ್ ಖಾತೆಯ ನಂಬರ್ ಪೇಸ್ಟ್ ಮಾಡಿದ ಮೇಲೆ ಕೊನೆಯ ನಾಲ್ಕು ಅಂಕಿ ಓದಿ ನೋಡು ಎಂದು ಅಮ್ಮನಿಗೆ ಹೇಳಿದ್ದೇನೆ.

ಅಮ್ಮನ ಪ್ರಶ್ನೆಯ ಮರುದಿನವೇ ವ್ಯವಸ್ಥೆ ಬದಲಾಯಿತು. ಈಗ ಕಾಪಿಕ್ಯೂನಲ್ಲಿ ಎರಡು ಪುಟ. ಕಾಪಿ ಮಾಡಿದ್ದೆಲ್ಲ ತಾನಾಗಿ ಹೋಗಿ ಬೀಳುವುದು ಮೊದಲ ಪುಟಕ್ಕೆ. ಅದನ್ನು ಡಿಸ್ಕಿಗೆ ಬರೆಯಬೇಡ ಎಂದು ಹೇಳಿಟ್ಟಿದ್ದೇನೆ, ಯಂತ್ರ ಬಂದ್ ಆದರೆ ಅದು ಖಾಲಿ. ಎರಡನೆಯದು 'ಪದ್ಯ'. ಅಲ್ಲಿಗೆ ಯಾವುದೂ ತಾನಾಗಿ ಹೋಗುವುದಿಲ್ಲ, ಅಪ್ಪಯ್ಯ ಬೇಕೆಂದು ಎತ್ತಿಟ್ಟದ್ದು ಮಾತ್ರ. ಅಮ್ಮನ ಪಾಸ್‌ವರ್ಡುಗಳು ಕೀಪಾಸ್‌ಎಕ್ಸ್‌ಸಿ ಎಂಬ ತಂತ್ರಾಂಶದಲ್ಲಿವೆ. ಅದರಿಂದ ಕಾಪಿ ಮಾಡಿದ್ದು ಹತ್ತು ಸೆಕೆಂಡಿನಲ್ಲಿ ತಾನೇ ಅಳಿಸಿಹೋಗುತ್ತದೆ. ಜೊತೆಗೆ 'ಇದು ಗುಟ್ಟು, ನೆನಪಿಡಬೇಡ' ಎಂಬ ಗುರುತನ್ನೂ ಅದು ಅಂಟಿಸಿ ಕಳಿಸುತ್ತದೆ. ವಿಂಡೋಸಿನ ಪಟ್ಟಿಯನ್ನು ಎಲ್ಲ ಯಂತ್ರಗಳಿಗೂ ಹಂಚುವ ಇನ್ನೊಂದು ಸೌಲಭ್ಯವಿದೆ, ಮೈಕ್ರೋಸಾಫ್ಟ್ ಖಾತೆಯ ಮೂಲಕ. ಅದನ್ನು ನಾನು ಚಾಲೂ ಮಾಡಿಲ್ಲ. ಒಂದು ಪ್ರಸಂಗದ ಪದ್ಯ ಪಕ್ಕದ ಡ್ರೈವಿಗೆ ಹೋಗಲು ಯಾರದೋ ಸರ್ವರ್ ಸುತ್ತಿ ಬರುವ ಅಗತ್ಯ ಇಲ್ಲ.

"ಸೌದೆ ಕೊಟ್ಟಿಗೆಗೂ ದೇವರ ಕೋಣೆಗೂ ಬೇರೆ ಬೇರೆ ಬಾಗಿಲು ಮಾಡಿದ ಹಾಗಾಯ್ತು" ಅಂದಳು ಅಮ್ಮ. ಯಾವುದು ಕೊಟ್ಟಿಗೆ, ಯಾವುದು ದೇವರ ಕೋಣೆ ಅಂತ ನಾನು ಕೇಳಲಿಲ್ಲ.

ಮೊನ್ನೆ ಗೌರಿ ಹಬ್ಬಕ್ಕೆ ಹೋದಾಗ 'ಪದ್ಯ' ಪುಟ ತೆರೆದು ನೋಡಿದೆ, 63 ತುಣುಕು. ಮೇಲಿನ ಸಾಲಿನಲ್ಲಿ ರಾಗ-ತಾಳಗಳು, ಆಮೇಲೆ ಪಾತ್ರಗಳು, ಕೆಳಗೆ ಒಂದಷ್ಟು ಬಿಡಿ ಸಾಲುಗಳು. ಆ ಬಿಡಿ ಸಾಲುಗಳು ಒರಲೆ ತಿಂದ ಅಂಚಿಗೆ ಹೊಂದಬಹುದಾದ ಪದಗಳಂತೆ. ಹೊಳೆದಾಗ ಏರಿಸಿಟ್ಟುಕೊಳ್ಳುತ್ತಾರೆ, ಆಮೇಲೆ ನಿಧಾನಕ್ಕೆ ಕೂರಿಸಿ ನೋಡುತ್ತಾರೆ. ರಾತ್ರಿ ನಿದ್ದೆ ಬಾರದಾಗ ಹೊಳೆದದ್ದನ್ನು ಎದ್ದು ಬಂದು ಟೈಪ್ ಮಾಡಿಟ್ಟು ಮಲಗುತ್ತಾರೆ ಎಂದು ಅಮ್ಮನ ದೂರು. ಈ ಉಪಯೋಗವನ್ನು ಕಾಪಿಕ್ಯೂ ಮಾಡಿದವರೂ ಯೋಚಿಸಿರಲಾರರು.

ಅಷ್ಟರಲ್ಲಿ ಒಂದು ಹೊಸ ಸಮಸ್ಯೆ ಎದ್ದಿತು. ಅಜ್ಜ ಎಲ್ಲ ಕಡೆ 'ಜಂಪೆ' ಎಂದೇ ಬರೆದಿದ್ದಾರೆ. ಅಪ್ಪಯ್ಯ ಮೇಷ್ಟರಲ್ಲವೇ, ಅದನ್ನು ತಿದ್ದಿ 'ಝಂಪೆ' ಎಂದು ಏರಿಸಿ, ಅದನ್ನೇ ನೂರಾರು ಪದ್ಯಗಳ ಮೇಲೆ ಅಂಟಿಸಿಬಿಟ್ಟಿದ್ದರು. ಈಗ ಅವರಿಗೆ ಅನ್ನಿಸಿದೆ, ಇದು ಅಜ್ಜನ ಪುಸ್ತಕ, ಅಜ್ಜ ಬರೆದ ಹಾಗೇ ಇರಬೇಕು ಎಂದು. ಕಡತದಲ್ಲಿರುವುದನ್ನು ಒಂದೇ ಏಟಿಗೆ ಬದಲಾಯಿಸಬಹುದು, ಅದನ್ನು ತೋರಿಸಿಕೊಟ್ಟೆ. ಆದರೆ ಅಟ್ಟದ ಮೇಲಿನ ತುಣುಕುಗಳನ್ನು ಬೇರೆಯಾಗಿ ತಿದ್ದಬೇಕು, ಇಲ್ಲದಿದ್ದರೆ ನಾಳೆ ಮತ್ತೆ 'ಝಂಪೆ'ಯೇ ಬಂದು ಬೀಳುತ್ತದೆ. ತುಣುಕಿನ ಮೇಲೆ ನಿಂತು ಎಫ್-2 ಒತ್ತಿದರೆ ತಿದ್ದಬಹುದು.

ಭೈರವಿ ಝಂಪೆ, ಕಾಂಭೋಜಿ ಝಂಪೆ, ಹೀಗೆ ಏಳು ತುಣುಕು. ನಾನು ಮಾಡಿಕೊಡಲು ಹೋದೆ. "ಬೇಡ, ಇರು" ಎಂದು ಅಪ್ಪಯ್ಯ ಕುರ್ಚಿ ಎಳೆದುಕೊಂಡು ಕೂತು ಎಡಗೈ ಬೆರಳಲ್ಲಿ ಎಫ್-2 ಹುಡುಕಿದರು. ಏಳೂ ಮುಗಿಯುವಷ್ಟರಲ್ಲಿ ಒಮ್ಮೆ ಕರೆಂಟ್ ಹೋಗಿ ಬಂತು. ಮತ್ತೆ ಯಂತ್ರ ಎದ್ದಾಗ ನಾಲ್ಕು ತಿದ್ದಿದ್ದು ತಿದ್ದಿದ ಹಾಗೇ ಇತ್ತು. ಐದನೆಯದಕ್ಕೆ ಹೋದರು.